ಚರಂಡಿಗೊಂದು ವಕಾಲತ್ತು

ದೇಶವನ್ನು ಬೈಯುವ ಕೆಲಸ ನಮ್ಮ ಮನೆಯಲ್ಲಿ ಬೆಳಗ್ಗಿನ ಕಾಫಿಯ ಜೊತೆಗೇ ಶುರುವಾಗುತ್ತದೆ. ನನ್ನ ಗಂಡ ಕೃಷ್ಣಪ್ರಸಾದ್ ಬ್ಯಾಂಕಿನಿಂದ ನಿವೃತ್ತರಾದವರು. ಪೇಪರಿನ ಮೊದಲ ಪುಟ ಮುಗಿಯುವಷ್ಟರಲ್ಲಿ "ಈ ದೇಶ ಉದ್ಧಾರ ಆಗುವುದಿಲ್ಲ" ಎಂದು ತೀರ್ಪು ಕೊಟ್ಟು, ನೆಮ್ಮದಿಯಿಂದ ಎರಡನೇ ಪುಟಕ್ಕೆ ಹೋಗುತ್ತಾರೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಪೌರನ ಹಕ್ಕು, ಪೌರನ ಕರ್ತವ್ಯ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಒರೆಸಿದ್ದರಿಂದ ನನ್ನ ಬೈಗುಳಕ್ಕೆ ಸ್ವಲ್ಪ ಪಠ್ಯಪುಸ್ತಕದ ಗತ್ತು ಇದೆ. ಅತ್ತೆ ಮನೋರಮಾ ಅವರು ಮಾತ್ರ ದೇಶದ ತಂಟೆಗೆ ಹೋಗುವವರಲ್ಲ. ಅವರು ಬೈಯುವುದು ಒಂದನ್ನೇ, ನಮ್ಮ ಗೇಟಿನ ಎದುರಿನ ಚರಂಡಿಯನ್ನು.

ನಮ್ಮ ಮನೆ ಇರುವುದು ಉಡುಪಿಯ ಕಡಿಯಾಳಿಯಲ್ಲಿ, ಮಹಿಷಮರ್ದಿನಿ ದೇವಸ್ಥಾನದಿಂದ ಕೂಗಳತೆಯ ದೂರದಲ್ಲಿ. ಪೂಜೆಯ ಗಂಟೆ ನಮ್ಮ ಜಗಲಿಗೆ ಕೇಳುತ್ತದೆ. ಕಳೆದ ಬೇಸಿಗೆಯಲ್ಲಿ ಮನೆಯೆದುರಿನ ರಸ್ತೆಯನ್ನು ಅಗಲ ಮಾಡಿದರು. ಒಳ್ಳೆಯದೇ. ರಸ್ತೆ ಅಗಲವಾದ ಮೇಲೆ ಚರಂಡಿ ಹಿಂದೆ ಬೀಳಬಾರದಲ್ಲ, ಅದೂ ಅಗಲವಾಯಿತು. ಒಂದು ಕರು ಬಿದ್ದರೆ ಒಳಗೇ ತಿರುಗಿ ಎದ್ದು ಬರುವಷ್ಟು. ಗೇಟಿನ ಎದುರಿಗಿದ್ದ ನಮ್ಮ ಹಳೆಯ ಕಲ್ಲಿನ ಚಪ್ಪಡಿಯನ್ನು ಯಂತ್ರ ತಂದು ಎತ್ತಿಕೊಂಡು ಹೋದರು. "ಇದು ಪ್ಲಾನಿನಲ್ಲಿ ಇಲ್ಲ ಮೇಡಂ, ಪ್ಲಾನಿನದ್ದು ಬರ್ತದೆ" ಎಂದರು. ನಾವೇ ಒಂದು ಸ್ಲ್ಯಾಬ್ ಹಾಕಿಸಿಕೊಂಡೆವು. ಅದೂ ಪ್ಲಾನಿನಲ್ಲಿ ಇರಲಿಲ್ಲವಂತೆ, ಅದನ್ನೂ ಎತ್ತಿಕೊಂಡು ಹೋದರು. ಪ್ಲಾನಿನದ್ದು ಇನ್ನೂ ಬರುತ್ತಲೇ ಇದೆ.

ಕೊನೆಗೆ ಸೀಳಿದ ತೆಂಗಿನ ಮರದ ಎರಡು ತುಂಡುಗಳನ್ನು ಅಡ್ಡ ಹಾಕಿ ಕಾಲುಸಂಕ ಮಾಡಿಕೊಂಡೆವು. ನಡೆಯುವವರಿಗೆ ಅದು ಸಾಕು. ಆದರೆ ಅತ್ತೆ ನಡೆಯುವವರಲ್ಲ. ಸೊಂಟದ ಮೂಳೆ ಮುರಿದ ಮೇಲೆ ಅವರ ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಕುರ್ಚಿಯಲ್ಲಾದರೂ ಸರಿ, ಶುಕ್ರವಾರ ದೇವಸ್ಥಾನಕ್ಕೆ ಹೋಗದೆ ಬಿಟ್ಟವರಲ್ಲ. ನಾನು ತಳ್ಳಿಕೊಂಡು ಹೋಗುತ್ತಿದ್ದೆ, ಅವರು ದಾರಿಯುದ್ದಕ್ಕೂ ಸಿಕ್ಕಿದವರನ್ನೆಲ್ಲ ಮಾತಾಡಿಸುತ್ತಿದ್ದರು. ಏಪ್ರಿಲಿನ ಬಿಸು ಹಬ್ಬದ ನಂತರ ಅದು ನಿಂತುಹೋಯಿತು. ಎತ್ತಿ ದಾಟಿಸುತ್ತೇವೆ ಎಂದರೆ ಕೇಳುವುದಿಲ್ಲ.

"ಎತ್ತುವುದೆಲ್ಲ ಬೇಡ. ಕುರ್ಚಿಗೆ ಚಕ್ರ ಉಂಟಲ್ಲ, ಚಕ್ರದಲ್ಲೇ ಹೋಗುವ" ಎನ್ನುತ್ತಾರೆ. ಮಳೆಗಾಲವಿಡೀ ಜಗಲಿಯಲ್ಲಿ ಕೂತು ಗಂಟೆ ಕೇಳಿದಾಗೆಲ್ಲ ಕೈಮುಗಿದು, "ನವರಾತ್ರಿಗಾದರೂ ಒಮ್ಮೆ ಅವಳ ಮುಖ ನೋಡಬೇಕಿತ್ತು" ಎನ್ನುತ್ತಿದ್ದರು.

ಹಾಗೆಂದು ನಾನು ಸುಮ್ಮನೆ ಕೂತವಳಲ್ಲ. ಅರ್ಜಿ ಬರೆದೆ. "ಸಂಬಂಧಪಟ್ಟ ಕಚೇರಿಗೆ ಕೊಡಿ" ಎಂದರು. ರಸ್ತೆಯವರನ್ನು ಕೇಳಿದರೆ ಚರಂಡಿ ನಮ್ಮದಲ್ಲ, ಚರಂಡಿಯವರನ್ನು ಕೇಳಿದರೆ ಮುಚ್ಚಳ ನಮ್ಮದಲ್ಲ. ಸಂಬಂಧಪಟ್ಟ ಕಚೇರಿ ಯಾವುದೆಂದು ಪತ್ತೆ ಮಾಡುವುದರಲ್ಲೇ ಮಳೆಗಾಲ ಕಳೆಯಿತು. ಕೊನೆಗೂ ಅದು ಸಿಕ್ಕಿತು, ಅಲ್ಲಿ ಒಬ್ಬ ಎಂಜಿನಿಯರ್ ಕೂಡ ಸಿಕ್ಕಿದರು. "ನವರಾತ್ರಿಯ ಒಳಗೆ ಹಾಕಿಸಿಕೊಡುವ ಮೇಡಂ" ಎಂದರು. ಇಷ್ಟಾಗುವ ಹೊತ್ತಿಗೆ ಯೋರಿಸ್ ಬಂದ.

ಯೋರಿಸ್ ಹಾಲೆಂಡಿನವನು, ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಆ ದೇಶದವನು. ಸೈಕಲಿನಲ್ಲಿ ಗೋವಾದಿಂದ ಕೇರಳಕ್ಕೆ ಹೊರಟವನು, ಮಣಿಪಾಲದಲ್ಲಿ ಸ್ನೇಹಿತರೊಬ್ಬರ ರೂಮಿನಲ್ಲಿ ಉಳಿದುಕೊಂಡಿದ್ದ. ಮಳೆ ಬಿಟ್ಟ ಒಂದು ಭಾನುವಾರ ನಮ್ಮ ಗೇಟಿನ ಎದುರು ಸೈಕಲ್ ನಿಲ್ಲಿಸಿ, ಚರಂಡಿಯನ್ನು ತಾಜ್‌ಮಹಲ್ ನೋಡುವ ಹಾಗೆ ನೋಡುತ್ತ ನಿಂತಿದ್ದ. ಕುಡಿಯಲು ನೀರು ಸಿಕ್ಕೀತೇ ಎಂದು ಕೇಳಿದ. ಒಳಗೆ ಕರೆದು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟೆ. ಬಂದವರಿಗೆ ಮೊದಲು ಬೆಲ್ಲ ನೀರು, ಜಗಳವೇನಿದ್ದರೂ ಆಮೇಲೆ. ಅದು ನಮ್ಮ ಕಡೆಯ ಕ್ರಮ.

ಜಗಳ ಬೇಗನೇ ಬಂತು. ತನ್ನ ಪ್ರವಾಸದ ವಿಡಿಯೋಗೆಂದು ನನ್ನ ಜೊತೆ ಮಾತಾಡಬಹುದೇ ಎಂದು ಕೇಳಿದ. ನಾನು ಸೆರಗು ಸರಿಮಾಡಿಕೊಂಡು ಆಗಬಹುದು ಎಂದೆ. ಒಳ್ಳೆಯ ಹುಡುಗ, ನಯವಾಗಿಯೇ ಹೇಳಿದ. ಕಾರ್ಕಳದಲ್ಲಿ ಬಾಹುಬಲಿಯನ್ನು ನೋಡಿ ಮಾತೇ ಹೊರಡಲಿಲ್ಲವಂತೆ. ಆದರೆ ಮೈಮೇಲೆ ನೂಲಿಲ್ಲದೆ ನಿಂತ ಆ ಮಹಾಪುರುಷನನ್ನು ನೋಡಲು ಬಂದವರು ದಾರಿಯಲ್ಲಿ ಯಾಕೆ ಬಾಟಲಿ, ಚಿಪ್ಸ್ ಪ್ಯಾಕೆಟ್ ಎಲ್ಲ ಎಸೆದಿದ್ದಾರೆ?

"ಅದು ತ್ಯಾಗದ ಕ್ಷೇತ್ರ. ಒಬ್ಬೊಬ್ಬರು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ತ್ಯಾಗ ಮಾಡುತ್ತಾರೆ" ಎಂದೆ.

ಕಾಪುವಿನಲ್ಲಿ ದೀಪಸ್ತಂಭದ ಹತ್ತಿರ ಬಂಡೆಗಳ ಮೇಲೆಲ್ಲ ಪ್ರೇಮಿಗಳ ಹೆಸರು ಬರೆದದ್ದು ಯಾಕೆ?

"ನಮ್ಮದು ಶಾಸನಗಳ ನಾಡು. ಮುಖ್ಯವಾದದ್ದನ್ನು ಕಲ್ಲಿನ ಮೇಲೆ ಬರೆದಿಡುವುದು ಇಲ್ಲಿಯ ರೂಢಿ."

ಇಷ್ಟೊಂದು ಹಾರ್ನ್ ಯಾಕೆ?

"ಎದುರಿಗೆ ಸಿಕ್ಕಿದವರನ್ನು ಮಾತಾಡಿಸದೆ ದಾಟಿ ಹೋಗುವುದು ನಮ್ಮಲ್ಲಿ ಮರ್ಯಾದೆಯಲ್ಲ."

ನನ್ನ ನಾಲಿಗೆಗೆ ಅಷ್ಟು ಇಂಗ್ಲಿಷ್ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಅವನು ಹೇಳಿದ ಈ ಮೂರನ್ನೂ ಹಿಂದಿನ ವಾರವಷ್ಟೇ ನಾನು ಸ್ಟಾಫ್ ರೂಮಿನಲ್ಲಿ ಹೇಳಿದ್ದೆ, ಇನ್ನೂ ಖಾರವಾಗಿ. ಆದರೆ ನಮ್ಮ ಮಗುವಿನ ಮೂಗು ಸೋರುತ್ತದೆ ಎಂದು ನಾವು ಹೇಳುವುದು ಬೇರೆ, ದಾರಿಹೋಕರು ಹೇಳುವುದು ಬೇರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಹಾಗೆ. ನನ್ನ ಗಂಡನೂ ಅಷ್ಟೇ. ದಿನಾ ಬೆಳಗ್ಗೆ ದೇಶವನ್ನು ನೇಣಿಗೆ ಹಾಕುವ ಮನುಷ್ಯ ಅಂದು ಪಕ್ಕದಲ್ಲಿ ನಿಂತು ನನ್ನ ಪ್ರತಿಯೊಂದು ಮಾತಿಗೂ ತಲೆದೂಗುತ್ತಿದ್ದರು.

ಆಗ ಯೋರಿಸ್ ಅತ್ತೆಯ ಕಡೆ ತಿರುಗಿದ. ಗಾಲಿಕುರ್ಚಿ ನೋಡಿದ, ಚರಂಡಿ ನೋಡಿದ, ತೆಂಗಿನ ತುಂಡುಗಳನ್ನು ನೋಡಿದ. "ಇವರು ಹೊರಗೆ ಹೇಗೆ ಹೋಗುತ್ತಾರೆ?" ಎಂದು ಕೇಳಿದ.

ಹೋಗುವುದಿಲ್ಲ ಎನ್ನಬೇಕಿತ್ತು. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಕ್ಯಾಮೆರಾ ಆನ್ ಆಗಿತ್ತು, ನನ್ನ ಹಿಂದೆ ನೂರಾರು ಕೋಟಿ ಜನ ನಿಂತಿದ್ದಾರೆ ಎಂದು ನನಗೆ ಅನಿಸುತ್ತಿತ್ತು. ನಾನು ಹೇಳಿದ್ದು ಇದು: ಈ ಚರಂಡಿಯನ್ನು ನಾವು ಬೇಕೆಂದೇ ತೆರೆದಿಟ್ಟಿದ್ದೇವೆ. ಇಲ್ಲಿ ಬೀಳುವ ಮಳೆ ನಿಮ್ಮಲ್ಲಿ ಬಿದ್ದರೆ ನಿಮ್ಮ ದೇಶವೇ ತೇಲಿಹೋದೀತು. ಮುಚ್ಚಿದರೆ ಕಸ ಕಟ್ಟುತ್ತದೆ; ತೆರೆದಿದ್ದರೆ ನೀರಿಗೂ ಉಸಿರು, ನೆಲಕ್ಕೂ ಉಸಿರು. ಇದು ಕಾಲುಸಂಕ, ನಮ್ಮ ಪರಂಪರೆ. ನಾವು ಹೆಜ್ಜೆ ನೋಡಿ ಇಡಲು ಹುಟ್ಟುತ್ತಲೇ ಕಲಿತವರು. ಇನ್ನು ಅತ್ತೆ. ಅವರಿಗೆ ಹೊರಗೆ ಹೋಗುವ ಅಗತ್ಯವೇ ಇಲ್ಲ, ದೇವರ ಗಂಟೆ ಮನೆಗೇ ಕೇಳುತ್ತದೆ. ನೀವು ಹಿರಿಯರನ್ನು ಆಶ್ರಮದಲ್ಲಿ ಬಿಡುತ್ತೀರಿ, ನಾವು ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ. "ಸಮುದ್ರಕ್ಕಿಂತ ಕೆಳಗಿರುವವರು ಸಮುದ್ರಕ್ಕಿಂತ ಮೇಲಿರುವವರಿಗೆ ನೀರಿನ ಪಾಠ ಹೇಳುವುದೇ?" ಎಂದು ಮುಗಿಸಿದೆ. ನನ್ನ ಗಂಡ ಚಪ್ಪಾಳೆಯನ್ನೇ ತಟ್ಟಿಬಿಟ್ಟರು.

ಯೋರಿಸ್ ಥ್ಯಾಂಕ್ಸ್ ಹೇಳಿ ಸೈಕಲ್ ಹತ್ತಿದ. ಇಂಗ್ಲಿಷ್ ಬಾರದ ಅತ್ತೆ ನನ್ನ ಕೈ ಹಿಡಿದುಕೊಂಡರು.

"ಚರಂಡಿ ವಿಷಯ ಅವನಿಗೆ ಹೇಳಿದಿ ಅಲ್ವಾ? ನೋಡ್ತಾ ಇದ್ದೆ ನಾನು, ಕೈ ತೋರಿಸಿ ತೋರಿಸಿ ಹೇಳ್ತಾ ಇದ್ದಿ. ಒಳ್ಳೆದಾಯ್ತು ಮಾರಾಯ್ತಿ. ನಾವು ಹೇಳಿದರೆ ಯಾರು ಕೇಳ್ತಾರೆ? ಹೊರಗಿನವರು ಹೇಳಿದರೆ ಸ್ವಲ್ಪ ನಾಚಿಕೆ ಆದೀತು ಈ ಆಫೀಸಿನವರಿಗೆ."

"ಹೌದು ಅತ್ತೆ, ಹೇಳಿದೆ" ಎಂದೆ. ನನಗಂತೂ ಆ ಕ್ಷಣವೇ ನಾಚಿಕೆಯಾಯಿತು. ಆದರೆ ನನಗೆ ಆದದ್ದರಿಂದ ಚರಂಡಿಗೇನು ಪ್ರಯೋಜನ?

ಯೋರಿಸ್ ಪ್ರಾಮಾಣಿಕ ಮನುಷ್ಯ, ನಾನು ಹೇಳಿದ್ದಷ್ಟನ್ನೂ ಇದ್ದ ಹಾಗೆಯೇ ಹಾಕಿದ. ಅದರಿಂದ ಚರಂಡಿಯ ಮಾತು, ಸಮುದ್ರದ ಮಾತು ಎರಡನ್ನು ಮಾತ್ರ ಯಾರೋ ಕತ್ತರಿಸಿ, ಕೆಳಗೆ ಕನ್ನಡದಲ್ಲಿ ಬರೆದು, ಹಿನ್ನೆಲೆಗೆ ಚೆಂಡೆ ಸೇರಿಸಿ, "ವಿದೇಶಿಗನ ಬಾಯಿ ಮುಚ್ಚಿಸಿದ ಉಡುಪಿಯ ಟೀಚರ್" ಎಂದು ಬಿಟ್ಟರು. ಊರಿನ ಯಾವ ಗ್ರೂಪಿನಲ್ಲಿ ನೋಡಿದರೂ ನನ್ನದೇ ಮುಖ. ಶಾಲೆಗೆ ಹೋದರೆ ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪೆರ್ಡೂರಿನಲ್ಲಿರುವ ನನ್ನ ಅಕ್ಕ ಫೋನ್ ಮಾಡಿ, "ನೀನು ಇಷ್ಟು ಗಟ್ಟಿ ಅಂತ ಗೊತ್ತೇ ಇರಲಿಲ್ಲ" ಎಂದಳು. ಬಾಯಿ ಮುಚ್ಚಿಸಿದ್ದು ನಿಜ. ಚರಂಡಿ ಮಾತ್ರ ಹಾಗೆಯೇ ಬಾಯಿ ತೆರೆದುಕೊಂಡಿತ್ತು.

ನವರಾತ್ರಿ ಹತ್ತಿರವಾಯಿತೆಂದು ಎಂಜಿನಿಯರಿಗೆ ಫೋನ್ ಮಾಡಿದೆ.

"ನಿಮ್ಮ ಅರ್ಜಿ ವಿಲೇವಾರಿ ಆಯ್ತಲ್ಲ ಮೇಡಂ."

"ಹೌದಾ? ಸ್ಲ್ಯಾಬ್ ಬಂತಾ?"

"ಸ್ಲ್ಯಾಬ್ ಎಂತಕ್ಕೆ? ನಿಮ್ಮ ವಿಡಿಯೋ ಬಂತಲ್ಲ. ಸಾಹೇಬ್ರು ಮೀಟಿಂಗಿನಲ್ಲಿ ಎಲ್ಲರಿಗೂ ಹಾಕಿ ತೋರಿಸಿದ್ರು. ಅರ್ಜಿದಾರರೇ ತೃಪ್ತಿ ವ್ಯಕ್ತಪಡಿಸಿದ್ದಾರೆ ಅಂತ ಬರೆದು ಮುಗಿಸಿದೆವು. ಈಗ ಬೇರೆಯವರು ಸ್ಲ್ಯಾಬ್ ಕೇಳ್ಲಿಕ್ಕೆ ಬಂದರೆ ನಾವು ಅದನ್ನೇ ತೋರಿಸುವುದು. ನೀರಿಗೂ ಉಸಿರು, ನೆಲಕ್ಕೂ ಉಸಿರು! ಎಷ್ಟು ಚಂದ ಹೇಳಿದ್ರಿ ನೀವು."

ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವುದು ಎನ್ನುತ್ತಾರೆ. ನನ್ನ ಪಾಲಿಗೆ ಎಳೆದುಕೊಳ್ಳಲಿಕ್ಕೂ ಒಂದು ಚಪ್ಪಡಿ ಉಳಿಯಲಿಲ್ಲ. ಅತ್ತೆಗೆ ಏನೂ ಹೇಳಲಿಲ್ಲ. ಅವರು ನವರಾತ್ರಿಗೆಂದು ಸೀರೆ ತೆಗೆದಿಡಿಸಿ ಕಾಯುತ್ತಿದ್ದರು.

ಆ ಸಂಜೆಯೇ ರಿತೇಶ್ ಬಂದ. ನಮ್ಮ ರಸ್ತೆಯ ಸ್ವಾಭಿಮಾನಿ ಮಿತ್ರವೃಂದದ ಅಧ್ಯಕ್ಷ ಅವನು. ಊರಿನಲ್ಲಿ ಯಾರಾದರೂ ಏನಾದರೂ ಸಾಧಿಸಿದರೆ ಮೊದಲು ಮೂಸಿನೋಡಿ ಬಂದು ಶಾಲು ಹೊದಿಸುವುದು ಅವನ ಕಸುಬು.

"ನವರಾತ್ರಿಯ ಶುಕ್ರವಾರ ಬೆಳಿಗ್ಗೆ ನಿಮಗೆ ಸನ್ಮಾನ ಟೀಚರ್. ಸಭಾಭವನದಲ್ಲಿ ಬೇಡ, ಇಲ್ಲೇ ನಿಮ್ಮ ಮನೆಯ ಎದುರು. ಹಿಂದೆ ಚರಂಡಿ ಕಾಣಬೇಕಲ್ಲ, ಫೋಟೋಗೆ."

"ನನಗೆ ಸನ್ಮಾನ ಎಲ್ಲ ಬೇಡ ರಿತೇಶ್. ಆ ಚರಂಡಿಗೆ ಒಂದು ಸ್ಲ್ಯಾಬ್ ಹಾಕಿಸಿಕೊಡಿ."

"ಸ್ಲ್ಯಾಬಾ?" ಅವನು ನಕ್ಕ. "ತಮಾಷೆ ಮಾಡ್ಬೇಡಿ ಟೀಚರ್. ಹಾಂ, ಮುಖ್ಯ ಅತಿಥಿಗಳು ಮನೆಯೊಳಗೆ ಬಂದು ಅಮ್ಮನ ಆಶೀರ್ವಾದ ತೆಗೆದುಕೊಳ್ಳುವ ಕಾರ್ಯಕ್ರಮ ಉಂಟು. ಅವರಿಗೆ ಈ ತೆಂಗಿನ ತುಂಡಿನ ಮೇಲೆ ನಡೆಯಲಿಕ್ಕೆ ಆಗುವುದಿಲ್ಲ, ಗಂಟುನೋವು. ಅಗಲದ ಹಲಗೆ ಹಾಕಿಸ್ತೇವೆ, ಮೇಲೆ ಕೆಂಪು ಕಾರ್ಪೆಟ್."

ಅಗಲದ ಹಲಗೆ ಎಂದದ್ದೇ ನನಗೆ ಸನ್ಮಾನದ ಮೇಲೆ ಗೌರವ ಬಂತು. ಒಪ್ಪಿಕೊಂಡೆ. ಒಮ್ಮೆ ಹಾಕಿದರೆ ಅದು ಅಲ್ಲೇ ಉಳಿಯುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ನಮ್ಮ ದೇಶದಲ್ಲಿ ತಾತ್ಕಾಲಿಕ ಎಂದು ಬಂದದ್ದು ಯಾವುದೂ ಹಿಂದಕ್ಕೆ ಹೋದದ್ದನ್ನು ನಾನು ನೋಡಿರಲಿಲ್ಲ.

ಶುಕ್ರವಾರ ಶಾಮಿಯಾನದವರು ಬೆಳಕು ಹರಿಯುವಾಗಲೇ ಬಂದರು. ಗದಗದ ಕಡೆಯ ಈಶಪ್ಪ ಎಂಬವನು ನಮ್ಮ ಕಾಲುಸಂಕವನ್ನು ಕಿತ್ತು ಬದಿಗೆಸೆದು, ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ ಕೂರಿಸಿ, ತಾನೇ ಮೇಲೆ ಹತ್ತಿ ಕುಣಿದು ತೋರಿಸಿದ. "ಆನಿ ಬಂದ್ರೂ ತಡೀತದ್ರಿ ಅಕ್ಕಾರ" ಎಂದ. "ಆನೆಗಲ್ಲ, ಅತ್ತೆಗೆ" ಎಂದೆ. ಅತ್ತೆ ಆಗಲೇ ಸೀರೆಯುಟ್ಟು ಕುರ್ಚಿಯಲ್ಲಿ ತಯಾರಾಗಿದ್ದರು.

ಸನ್ಮಾನ ಚೆನ್ನಾಗಿಯೇ ಆಯಿತು. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಕೊನೆಗೊಂದು ಗಾಜಿನ ಫಲಕ. ಮುಖ್ಯ ಅತಿಥಿಗಳು ಕಾರ್ಪೆಟ್ಟಿನ ಮೇಲೆ ನಡೆದು ಬಂದು ಅತ್ತೆಯ ಕಾಲಿಗೆ ನಮಸ್ಕರಿಸಿದರು. ಹಾಗೆಯೇ ನಡೆದು ಹೊರಗೆ ಹೋಗಿ, "ಕೊಳಕು ಇರುವುದು ಚರಂಡಿಯಲ್ಲಿ ಅಲ್ಲ, ನೋಡುವವರ ಕಣ್ಣಿನಲ್ಲಿ" ಎಂದು ಭಾಷಣ ಮಾಡಿದರು. ಜನ ಶಿಳ್ಳೆ ಹೊಡೆದರು. ಮೈಕು ನನ್ನ ಕೈಗೆ ಬಂತು. ಸ್ಲ್ಯಾಬಿನ ವಿಷಯ ಹೇಳಿಯೇ ಬಿಡಬೇಕೆಂದು ರಾತ್ರಿಯೆಲ್ಲ ಅಂದುಕೊಂಡವಳು ನಾನು. ಆದರೆ ಶಾಲು ಹೊದಿಸುವುದು ಹೆಗಲಿಗಲ್ಲ, ಬಾಯಿಗೆ ಎಂದು ಅಂದು ತಿಳಿಯಿತು. ಎರಡು ಮಾತಾಡಿ ಎಂದಿದ್ದರು, ಎರಡೇ ಆಡಿದೆ. ಎಲ್ಲರಿಗೂ ನಮಸ್ಕಾರ. ಎಲ್ಲರಿಗೂ ಧನ್ಯವಾದ.

ಆಮೇಲೆ ಕಾರ್ಪೆಟ್ಟಿನ ಮೇಲೆ ಅತ್ತೆಯ ಕುರ್ಚಿ ತಳ್ಳಿಕೊಂಡು ದೇವಸ್ಥಾನಕ್ಕೆ ಹೊರಟೆ. ದಾರಿಯಲ್ಲಿ ಎಲ್ಲರೂ ಅವರನ್ನು ಮಾತಾಡಿಸಿದರು, ಅವರೂ ಒಬ್ಬರನ್ನೂ ಬಿಡಲಿಲ್ಲ. ಗರ್ಭಗುಡಿಯ ನಡೆಯ ಎದುರು ಜನ ದಾರಿ ಬಿಟ್ಟುಕೊಟ್ಟರು. ಅತ್ತೆ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ಅಲಂಕಾರವನ್ನು ತುಂಬ ಹೊತ್ತು ನೋಡಿದರು. "ಬಂದೆ ಮಾರಾಯ್ತಿ, ಸ್ವಲ್ಪ ತಡ ಆಯ್ತು" ಎಂದರು ದೇವಿಗೆ, ನೆಂಟರ ಮನೆಗೆ ಬಂದವರ ಹಾಗೆ. ನನಗೆ ಅಳು ಬಂತು. ಅಷ್ಟು ಸುಳ್ಳು ಹೇಳಿದ್ದಕ್ಕೆ ಇದೊಂದಾದರೂ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಪ್ರಸಾದದ ಊಟ ಮುಗಿಸಿಕೊಂಡು ಮನೆಯ ಕಡೆ ತಿರುಗಿದೆವು.

ಮನೆಯೆದುರು ಶಾಮಿಯಾನ ಇರಲಿಲ್ಲ. ಹಲಗೆಯೂ ಇರಲಿಲ್ಲ. ಕಾಲುಸಂಕದ ತುಂಡುಗಳು ಚರಂಡಿಯೊಳಗೆ ಬಿದ್ದಿದ್ದವು. ಗೇಟಿನ ಆಚೆ ನನ್ನ ಗಂಡ ನಿಂತಿದ್ದರು.

"ತೆಗೆದುಕೊಂಡು ಹೋದರು. ಕಾಪುವಿನಲ್ಲಿ ಇನ್ನೊಂದು ಸನ್ಮಾನ ಉಂಟಂತೆ."

"ನೀವು ಎಂತ ಮಾಡ್ತಾ ಇದ್ರಿ?"

"ಹೇಳಿದೆ ನಾನು. ಈ ದೇಶ ಉದ್ಧಾರ ಆಗುವುದಿಲ್ಲ ಅಂತ ಅವರ ಮುಖಕ್ಕೇ ಹೇಳಿದೆ."

ರಿತೇಶನಿಗೆ ಫೋನ್ ಮಾಡಿದೆ. "ಅದು ಬಾಡಿಗೆಯದ್ದು ಅಲ್ವಾ ಟೀಚರ್. ಸ್ವಲ್ಪ ಅಡ್ಜಸ್ಟ್ ಮಾಡಿ. ನಿಮಗೆ ಅಭ್ಯಾಸ ಉಂಟಲ್ಲ" ಎಂದು ಇಟ್ಟುಬಿಟ್ಟ.

ಬಿಸಿಲು ನೆತ್ತಿಯ ಮೇಲಿತ್ತು. ಅತ್ತೆ ರಸ್ತೆಯಲ್ಲಿ, ಮನೆ ಚರಂಡಿಯ ಆಚೆ. ದೇವಸ್ಥಾನದಿಂದ ಮರಳುತ್ತಿದ್ದವರು ನನ್ನನ್ನು ಗುರುತು ಹಿಡಿದು ನಿಂತರು. ಒಬ್ಬ ಸೆಲ್ಫಿ ತೆಗೆದುಕೊಂಡ. ಇನ್ನೊಬ್ಬಳು ನನ್ನ ಶಾಲನ್ನು ಮುಟ್ಟಿ, ಒಳ್ಳೆಯ ಶಾಲು ಎಂದಳು. ಅಷ್ಟರಲ್ಲಿ ಹಿಂದಿನಿಂದ ಬೆಂಗಳೂರಿನ ಕಾರೊಂದು ಬಂದು, ಕುರ್ಚಿ ಅಡ್ಡ ಇದ್ದದ್ದರಿಂದ ನಿಂತಿತು. ಒಳಗಿನಿಂದ ಒಬ್ಬ ಹೆಂಗಸು ಇಳಿದು, ಕುರ್ಚಿ ನೋಡಿ, ಚರಂಡಿ ನೋಡಿ, ಸೊಂಟದ ಮೇಲೆ ಕೈಯಿಟ್ಟಳು.

"ಏನ್ರೀ ಇದು? ವಯಸ್ಸಾದವ್ರು ಅವ್ರ ಮನೆಗೇ ಅವ್ರು ಹೋಗೋಕಾಗಲ್ವಾ? ಎಂಥಾ ಊರು ರೀ ನಿಮ್ದು, ಛೀ!"

ಎಲ್ಲರೂ ನನ್ನ ಕಡೆ ತಿರುಗಿದರು. "ಟೀಚರ್, ಕೊಡಿ ಇವರಿಗೂ ಒಂದು!" ಎಂದು ಯಾರೋ ಕೂಗಿದರು. ಹತ್ತಾರು ಫೋನುಗಳು ಒಟ್ಟಿಗೆ ಮೇಲೆದ್ದವು.

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನಿಮ್ಮ ಬೆಂಗಳೂರಿನಲ್ಲಿ ಮಳೆ ಬಂದರೆ ರಸ್ತೆಯೇ ಚರಂಡಿ, ನಮ್ಮಲ್ಲಿ ಎರಡೂ ಬೇರೆ ಬೇರೆ ಇವೆಯಲ್ಲ ಎಂದರೆ ಮತ್ತೊಂದು ಶಾಲು ಖಂಡಿತ ಸಿಗುತ್ತಿತ್ತು. ಆದರೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಹಣೆಗೆ ಹಚ್ಚಿಕೊಂಡ ದೇವಿಯ ಕುಂಕುಮ ಬೆವರಿನಲ್ಲಿ ಮೂಗಿನವರೆಗೆ ಇಳಿದಿತ್ತು. ನಾನು ಏನು ಹೇಳುತ್ತೇನೆಂದು ಅವರೂ ನನ್ನನ್ನೇ ನೋಡುತ್ತಿದ್ದರು. ಈ ಸಲ ಮಾತು ಕನ್ನಡದಲ್ಲಿತ್ತು, ಅವರಿಗೆ ಅರ್ಥವಾಗುತ್ತಿತ್ತು.

"ನೀವು ಹೇಳಿದ್ದು ಸರಿ" ಎಂದೆ ಆ ಹೆಂಗಸಿಗೆ. "ಆ ಸೈಕಲಿನ ಹುಡುಗ ಹೇಳಿದ್ದೂ ಸರಿ. ನಾನು ಹೇಳಿದ್ದು ಸುಳ್ಳು. ಈ ಚರಂಡಿ ಪರಂಪರೆಯೂ ಅಲ್ಲ, ವಿಜ್ಞಾನವೂ ಅಲ್ಲ, ಕಳೆದ ಬೇಸಿಗೆಯಲ್ಲಿ ಅಗೆದು ಬಿಟ್ಟು ಹೋದದ್ದು. ನಮ್ಮ ಅತ್ತೆ ಇಷ್ಟು ದಿನ ಮನೆಯ ಒಳಗೆ ಸಿಕ್ಕಿಹಾಕಿಕೊಂಡಿದ್ದರು. ಈಗ ಮನೆಯ ಹೊರಗೆ ಸಿಕ್ಕಿಹಾಕಿಕೊಂಡಿದ್ದಾರೆ. ನಮ್ಮ ಊರಿನ ಮೇಲೆ ನನಗೆ ಪ್ರೀತಿ ಉಂಟು, ಅದಕ್ಕೇ ಹೇಳ್ತೇನೆ, ನಮಗೆ ನಾಚಿಕೆ ಆಗಬೇಕು. ತೆಗೆದುಕೊಂಡ್ರಲ್ಲ? ಇದನ್ನೂ ಹಾಕಿ ಗ್ರೂಪಿಗೆ."

ಫೋನುಗಳು ಒಂದೊಂದಾಗಿ ಕೆಳಗಿಳಿದವು. "ಶಾಲು ಹಾಕಿಸಿಕೊಂಡು ಊರಿಗೇ ಬೈತಾರಲ್ಲ" ಎಂದು ಯಾರೋ ಹಿಂದಿನಿಂದ ಗೊಣಗಿದರು. ಕೆಲವರು ಹೊರಟೇ ಹೋದರು. ಉಳಿದವರಲ್ಲಿ ನಾಲ್ಕು ಮಂದಿಗೆ ಹೇಗೋ ಮನಸ್ಸು ಕಲಕಿರಬೇಕು. ಫೋನನ್ನು ಕಿಸೆಗೆ ಹಾಕಿ, ಪಂಚೆ ಎತ್ತಿಕಟ್ಟಿ ಮುಂದೆ ಬಂದರು. "ಅಮ್ಮ, ಗಟ್ಟಿ ಕೂತ್ಕೊಳ್ಳಿ. ನಾವು ನಾಲ್ಕು ಜನ ಸೇರಿ ಎತ್ತಿ ದಾಟಿಸ್ತೇವೆ."

ಅತ್ತೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದರು.

"ಬೇಡ ಮಕ್ಕಳೇ. ನಾಲ್ಕು ಜನ ಎತ್ತುವ ದಿನ ಒಂದು ಬರ್ತದೆ. ಆವತ್ತು ನಾನು ಬೇಡ ಅನ್ನುವುದಿಲ್ಲ. ಜೀವ ಇರುವಾಗ ನನ್ನ ಮನೆಗೆ ನಾನು ಚಕ್ರದಲ್ಲೇ ಹೋಗುವುದು. ಹೋಗಿ ಹಲಗೆ ತನ್ನಿ."

ಹಿಂದೆ ಕಾರುಗಳು ಸಾಲುಗಟ್ಟಿ ಹಾರ್ನ್ ಬಾರಿಸತೊಡಗಿದ್ದವು. ಸ್ವಲ್ಪ ಬದಿಗೆ ತೆಗೆದುಕೊಳ್ಳಿ ಟೀಚರ್ ಎಂದು ಯಾರೋ ಬೇಡಿಕೊಂಡರು. ನಾನು ಕುರ್ಚಿಯನ್ನು ರಸ್ತೆಯ ನಡುವಿಗೆ ತಿರುಗಿಸಿ, ಎರಡೂ ಚಕ್ರಗಳ ಬ್ರೇಕ್ ಹಾಕಿದೆ.